ಎಸ್. ಚಂದ್ರಶೇಖರ್ ಎಂದರೆ ಯಾವ ಚಂದ್ರಶೇಖರ್?

ಗ್ರಂಥಾಲಯಗಳಿಗೆ ಕಂಪ್ಯೂಟರ್ ಬರುವ ಮೊದಲು ಪುಸ್ತಕ ಹುಡುಕಬೇಕೆಂದರೆ ಕಾರ್ಡುಗಳ ಡ್ರಾಯರ್ ಎಳೆಯಬೇಕಿತ್ತು. ಸಣ್ಣದೊಂದು ಹಿತ್ತಾಳೆಯ ಹಿಡಿ, ಒಳಗೆ ಉದ್ದಕ್ಕೂ ಒಂದು ಕಂಬಿ, ಆ ಕಂಬಿಗೆ ಪೋಣಿಸಿದ ನೂರಾರು ಕಾರ್ಡುಗಳು. ಕೈಯಾಡಿ ಕೈಯಾಡಿ ಅವುಗಳ ಅಂಚು ಮಾಸಿರುತ್ತಿತ್ತು. ಕಾಲೇಜು ದಿನಗಳಲ್ಲಿ ಅಂಥದೊಂದು ಡ್ರಾಯರಿನಲ್ಲಿ ‘ಚಂದ್ರಶೇಖರ್, ಎಸ್.’ ಎಂಬ ಹೆಸರಿನಡಿ ಒಂದರ ಹಿಂದೊಂದು ಸಿಕ್ಕ ಮೂರು ಕಾರ್ಡುಗಳು ನನಗೆ ಇವತ್ತಿಗೂ ನೆನಪಿವೆ. ಮೊದಲನೆಯದು ನಕ್ಷತ್ರಗಳ ಒಳರಚನೆಯ ಬಗ್ಗೆ 1939ರಲ್ಲಿ ಬಂದ ಪುಸ್ತಕ. ಅದರ ಹಿಂದೆ, ಲಿಕ್ವಿಡ್ ಕ್ರಿಸ್ಟಲ್ ಎಂಬ ದ್ರವ ಸ್ಫಟಿಕಗಳ ಮೇಲೆ 1977ರಲ್ಲಿ ಬಂದದ್ದು. ಅದರ ಹಿಂದೆ, ಭಾರತದ ಶಿಶುಮರಣ, ಜನಸಂಖ್ಯೆ ಮತ್ತು ಕುಟುಂಬ ಯೋಜನೆ ಕುರಿತ 1972ರ ಪುಸ್ತಕ.

ನಕ್ಷತ್ರದಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಬರೆದ ಈ ಮಹಾನುಭಾವ ಯಾರಿರಬಹುದು ಎಂದು ಬೆರಗಾಗಿ ನಿಂತಿದ್ದೆ. ಮೂರೂ ಒಬ್ಬರದೇ ಎಂದೇ ನಂಬಿದ್ದೆ. ಆ ನಂಬಿಕೆ ತಪ್ಪೆಂದು ತಿಳಿಯಲು ಎಷ್ಟೋ ಕಾಲ ಹಿಡಿಯಿತು. ಅವರು ಮೂವರು. ಮೂವರೂ ಎಸ್. ಚಂದ್ರಶೇಖರ್, ಮೂವರೂ ತಮ್ಮ ತಮ್ಮ ಕ್ಷೇತ್ರದಲ್ಲಿ ಲೋಕದ ಗಣ್ಯರ ಸಾಲಿನಲ್ಲಿ ನಿಂತವರು. ಅವರಲ್ಲಿ ಇಬ್ಬರು ಒಂದೇ ಮನೆತನದವರು ಎಂದು ಗೊತ್ತಾದಾಗಲಂತೂ ಈ ಹೆಸರಿನ ಬೆನ್ನು ಹತ್ತದೆ ಇರಲಾಗಲಿಲ್ಲ.

ಹೆಸರು ಹಳೆಯದು. ಶೇಖರ ಎಂದರೆ ಮುಡಿಯ ಮೇಲಿನ ಒಡವೆ. ಚಂದ್ರನನ್ನೇ ಮುಡಿಯ ಒಡವೆ ಮಾಡಿಕೊಂಡ ಶಿವ ಚಂದ್ರಶೇಖರ. ಸೋಮಶೇಖರ, ಶಶಿಶೇಖರ, ಇಂದುಶೇಖರ, ಚಂದ್ರಮೌಳಿ ಎಲ್ಲವೂ ಅದೇ ಅರ್ಥದ ಹೆಸರುಗಳು. ಆದರೆ ಚಂದ್ರಶೇಖರದಷ್ಟು ದೂರ ಹಬ್ಬಿದ್ದು ಬೇರೊಂದಿಲ್ಲ. ಜಾತಿ, ಪ್ರಾಂತ, ಭಾಷೆ ಯಾವುದನ್ನೂ ನೋಡದೆ ಅದು ಕನ್ಯಾಕುಮಾರಿಯಿಂದ ಗಂಗಾತೀರದವರೆಗೆ ಮನೆ ಮನೆಗೂ ಹೋಗಿದೆ. ನಮ್ಮಲ್ಲಿ ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಚಂದ್ರು ಮನೆ ಎಲ್ಲಿ ಎಂದು ಕೇಳಿದರೂ ಯಾವ ಚಂದ್ರು ಎಂಬ ಮರುಪ್ರಶ್ನೆ ಬಂದೇ ಬರುತ್ತದೆ: ಅಂಗಡಿ ಚಂದ್ರುವೋ, ಮಿಲ್ಲಿನ ಚಂದ್ರುವೋ, ಲೈನ್‌ಮನ್ ಚಂದ್ರುವೋ?

ಕಾರ್ಡಿನ ಮೂವರಿಗೆ ಬರೋಣ.

ವಿಶಾಖಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಚಂದ್ರಶೇಖರ ಅಯ್ಯರ್ ಎಂಬ ಮೇಷ್ಟ್ರು ಒಬ್ಬರಿದ್ದರು. ಅವರ ಹಿರಿಯ ಮಗ ಸುಬ್ರಹ್ಮಣ್ಯ ಅಯ್ಯರ್ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ಅಧಿಕಾರಿ. ಎರಡನೆಯ ಮಗ ಸಿ.ವಿ. ರಾಮನ್. ರಾಮನ್ ಹೆಸರಿನ ಮೊದಲಿರುವ ‘ಸಿ’ ಬೇರೇನೂ ಅಲ್ಲ, ತಂದೆಯ ಹೆಸರಾದ ಚಂದ್ರಶೇಖರವೇ. ಸುಬ್ರಹ್ಮಣ್ಯ ಅಯ್ಯರ್ ಅವರಿಗೆ 1910ರ ಅಕ್ಟೋಬರ್ 19ರಂದು ಲಾಹೋರಿನಲ್ಲಿ ಗಂಡು ಮಗುವಾಯಿತು. ಮೊದಲ ಗಂಡು ಮಗುವಿಗೆ ತಾತನ ಹೆಸರು ಇಡುವುದು ವಾಡಿಕೆ; ಇಟ್ಟರು. ತಮಿಳರ ಪದ್ಧತಿಯಂತೆ ತಂದೆಯ ಹೆಸರು ಮುಂದೆ ಬಂದು ಆತ ಸುಬ್ರಹ್ಮಣ್ಯನ್ ಚಂದ್ರಶೇಖರ್ ಆದ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು ಮುಗಿಸಿ, ಇನ್ನೂ 20 ತುಂಬದ ಆ ಹುಡುಗ 1930ರ ಜುಲೈ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದ. ದಾರಿಯಲ್ಲಿ ಕುಳಿತು ಒಂದು ಲೆಕ್ಕ ಮಾಡಿದ. ಉರಿಯುವ ಇಂಧನ ತೀರಿದ ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಗ್ಗುತ್ತ ಶ್ವೇತಕುಬ್ಜವಾಗಿ ನಿಲ್ಲುತ್ತದೆ ಎಂಬುದು ಅಷ್ಟರಲ್ಲಿ ಗೊತ್ತಿತ್ತು. ಎಷ್ಟೇ ದೊಡ್ಡ ನಕ್ಷತ್ರವಾದರೂ ಹಾಗೆ ನಿಲ್ಲಬಲ್ಲುದೇ? ಇಲ್ಲ ಎಂದಿತು ಲೆಕ್ಕ. ಸೂರ್ಯನ ರಾಶಿಯ ಸುಮಾರು 1.4 ಪಟ್ಟು ದಾಟಿದರೆ ಅದು ಶ್ವೇತಕುಬ್ಜವಾಗಿ ನಿಲ್ಲಲಾರದು, ಕುಸಿಯುತ್ತಲೇ ಹೋಗುತ್ತದೆ. ಇಂದು ಇದನ್ನೇ ಚಂದ್ರಶೇಖರ್ ಮಿತಿ ಎನ್ನುತ್ತೇವೆ. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಅವರು ಇದನ್ನು ಮಂಡಿಸಿದಾಗ, ಆ ಕಾಲದ ಮಹಾ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ ಎದ್ದು ನಿಂತು ಎಲ್ಲರೆದುರು ಗೇಲಿ ಮಾಡಿದರು. ಚಂದ್ರಶೇಖರ್ ಎದೆಗುಂದಿದರೂ ಕೆಲಸ ಬಿಡಲಿಲ್ಲ. 1937ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯ ಸೇರಿ ಕೊನೆಯವರೆಗೂ ಅಲ್ಲೇ ಉಳಿದರು. ಹಡಗಿನ ಆ ಪ್ರಯಾಣವಾಗಿ 53 ವರ್ಷಗಳ ಮೇಲೆ, 1983ರಲ್ಲಿ, ನೊಬೆಲ್ ಬಂತು. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ ನಾಸಾ ಆಕಾಶಕ್ಕೆ ಹಾರಿಸಿದ ಎಕ್ಸ್-ಕಿರಣ ದೂರದರ್ಶಕಕ್ಕೆ ಆಪ್ತರು ಅವರನ್ನು ಕರೆಯುತ್ತಿದ್ದ ಹೆಸರನ್ನೇ ಇಟ್ಟರು: ಚಂದ್ರ.

ಈ ಕಥೆ ನಮ್ಮ ಶಾಲಾ ಮಕ್ಕಳಿಗೂ ಅಷ್ಟಿಷ್ಟು ಗೊತ್ತು. ಗೊತ್ತಿಲ್ಲದ್ದು ಇನ್ನೊಂದು. ಆ ಹಡಗು ಇನ್ನೂ ಸಮುದ್ರದ ಮೇಲಿದ್ದಾಗಲೇ, 1930ರ ಆಗಸ್ಟ್ 6ರಂದು, ಕಲ್ಕತ್ತದಲ್ಲಿ ಅದೇ ಮನೆತನದಲ್ಲಿ ಇನ್ನೊಬ್ಬ ಚಂದ್ರಶೇಖರ ಹುಟ್ಟಿದ. ತಾಯಿ ಸೀತಾಲಕ್ಷ್ಮಿ, ರಾಮನ್ ಅವರ ತಂಗಿ. ತಂದೆ ಶಿವರಾಮಕೃಷ್ಣನ್. ಹಡಗಿನಲ್ಲಿದ್ದ ಚಂದ್ರಶೇಖರನಿಗೆ ಈ ಕೂಸು ಸೋದರತ್ತೆಯ ಮಗ. ಮೊದಲನೆಯವನಿಗೆ ಅಪ್ಪನ ಅಪ್ಪನೂ ಎರಡನೆಯವನಿಗೆ ಅಮ್ಮನ ಅಪ್ಪನೂ ಆದ ತಾತ ಒಬ್ಬರೇ, ಆ ವಿಶಾಖಪಟ್ಟಣದ ಚಂದ್ರಶೇಖರ ಅಯ್ಯರ್. ತಂದೆಯ ಹೆಸರಿನ ಮೊದಲಕ್ಷರ ಇಬ್ಬರಿಗೂ ‘ಎಸ್’ ಆದ್ದರಿಂದ ಇಬ್ಬರೂ ಎಸ್. ಚಂದ್ರಶೇಖರ್ ಆದರು. ಇಬ್ಬರೂ ಭೌತವಿಜ್ಞಾನಿಗಳಾದರು. ಆ ವರ್ಷವೇ ಇಬ್ಬರ ನಡುವಿನ ಹಿರಿಯ ರಾಮನ್‌ಗೆ ನೊಬೆಲ್ ಬಂದದ್ದು.

ಇಂಗ್ಲಿಷಿನಲ್ಲಿ ಬರೆದವರು ಇಬ್ಬರನ್ನೂ ರಾಮನ್ ಅವರ ‘ನೆಫ್ಯೂ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಓದಿದವರು ಒಬ್ಬರೆಂದೇ ತಿಳಿಯುತ್ತಾರೆ. ನಮ್ಮ ಭಾಷೆಯಲ್ಲಿ ಆ ಗೊಂದಲಕ್ಕೆ ಎಡೆಯೇ ಇಲ್ಲ. ಒಬ್ಬರಿಗೆ ರಾಮನ್ ಚಿಕ್ಕಪ್ಪ, ಇನ್ನೊಬ್ಬರಿಗೆ ಸೋದರಮಾವ. ಒಬ್ಬರು ಅಣ್ಣನ ಮಗ, ಇನ್ನೊಬ್ಬರು ತಂಗಿಯ ಮಗ. ಬಂಧುತ್ವವನ್ನು ಇಷ್ಟು ನಿಖರವಾಗಿ ಹೇಳುವ ಭಾಷೆ ಕೈಯಲ್ಲಿದ್ದೂ ನಾವು ಪಠ್ಯಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ ಇಂಗ್ಲಿಷಿನ ಗೊಂದಲವನ್ನೇ ಇಳಿಸಿಕೊಂಡಿದ್ದೇವೆ.

ಶಿವರಾಮಕೃಷ್ಣ ಚಂದ್ರಶೇಖರ್ ನಾಗಪುರದಲ್ಲಿ ಓದಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೋದರಮಾವನ ಶಿಷ್ಯರಾದರು. ಕೇಂಬ್ರಿಡ್ಜಿಗೆ ಹೋಗಿ ಬಂದರು. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಭೌತವಿಜ್ಞಾನ ವಿಭಾಗ ಕಟ್ಟಲು ಅವರನ್ನು ಕರೆಯಿತು. ಹತ್ತು ವರ್ಷ ಅಲ್ಲಿದ್ದು, 1971ರಲ್ಲಿ ಮತ್ತೆ ರಾಮನ್ ಸಂಸ್ಥೆಗೆ ಬಂದು ದ್ರವ ಸ್ಫಟಿಕಗಳಿಗೆಂದೇ ಪ್ರಯೋಗಾಲಯ ಆರಂಭಿಸಿದರು.

ದ್ರವ ಸ್ಫಟಿಕ ಎಂದರೇನು? ಹೊಳೆಯಲ್ಲಿ ಮರದ ದಿಮ್ಮಿಗಳನ್ನು ತೇಲಿಬಿಟ್ಟರೆ ಅವು ನೀರಿನೊಡನೆ ಹರಿಯುತ್ತವೆ, ಆದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ದಿಕ್ಕಿಗೆ ತಲೆಮಾಡಿಕೊಂಡು ಹರಿಯುತ್ತವೆ. ಕೆಲವು ವಸ್ತುಗಳ ಅಣುಗಳು ಹಾಗೇ: ದ್ರವದಂತೆ ಹರಿಯುತ್ತವೆ, ಸ್ಫಟಿಕದಂತೆ ಶಿಸ್ತಿನಲ್ಲಿ ಸಾಲುಗಟ್ಟುತ್ತವೆ. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಮೊದಲು ಗಮನಿಸಿದ ಈ ಸ್ಥಿತಿಗೆ ಕಡ್ಡಿಯಾಕಾರದ ಅಣುಗಳೇ ಬೇಕು ಎಂಬುದು ಬಹುಕಾಲದ ತಿಳಿವಳಿಕೆಯಾಗಿತ್ತು. ಚಂದ್ರಶೇಖರ್ ಕೇಳಿದ್ದು, ಕಡ್ಡಿಯೇ ಏಕೆ, ಬಿಲ್ಲೆ ಏಕಾಗಬಾರದು? ಬೆಂಜೀನ್ ಉಂಗುರದ ಆರು ಮೂಲೆಗೂ ಉದ್ದನೆಯ ಬಾಲ ಜೋಡಿಸಿದರೆ ಅಣು ಬಿಲ್ಲೆಯಂತೆ ಚಪ್ಪಟೆಯಾಗುತ್ತದೆ. ತಮ್ಮ ಜೊತೆಗಾರರಾದ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ ಅಂಥ ಅಣುಗಳನ್ನು ತಯಾರಿಸಿ ನೋಡಿದಾಗ ಅವು ಒಂದರ ಮೇಲೊಂದು ಕೂತು, ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿ ಅಡುಕಿಟ್ಟ ಹಾಗೆ, ಕಂಬ ಕಂಬವಾಗಿ ನಿಂತಿದ್ದವು. ಕಂಬಗಳು ಅಕ್ಕಪಕ್ಕದಲ್ಲಿ ಸರಿದಾಡುತ್ತಿದ್ದವು. ಲೋಕ ಅದುವರೆಗೆ ಕಾಣದಿದ್ದ ಹೊಸ ಬಗೆಯ ದ್ರವ ಸ್ಫಟಿಕ ಅದು. 1977ರಲ್ಲಿ ಆ ಲೇಖನ ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಎಂಬ ಭೌತವಿಜ್ಞಾನ ಪತ್ರಿಕೆಯಲ್ಲಿ. ಕೇಂಬ್ರಿಡ್ಜಿನಿಂದ ಪುಸ್ತಕ ತರಬಲ್ಲವರು ಜೀವಮಾನದ ಶೋಧವನ್ನು ನಮ್ಮೂರಿನ ಪತ್ರಿಕೆಗೆ ಕೊಟ್ಟರು. ನನಗೆ ಅವರ ಮೇಲಿನ ಗೌರವ ಇಮ್ಮಡಿಸಿದ್ದು ಈ ಸಂಗತಿ ತಿಳಿದಾಗ.

ಮುಂದೆ ಈ ಬಿಲ್ಲೆ ಅಣುಗಳಿಂದ ತಯಾರಾದ ತೆಳು ಪದರಗಳು ಎಲ್‌ಸಿಡಿ ಪರದೆಗಳಿಗೆ ಬಂದವು. ಪರದೆಯನ್ನು ಎದುರಿನಿಂದ ಮಾತ್ರವಲ್ಲ, ಓರೆಯಿಂದ ನೋಡಿದಾಗಲೂ ಚಿತ್ರ ಕೆಡದಂತೆ ಕಾಯುವ ಪದರಗಳು ಅವು. ರಾಯಲ್ ಸೊಸೈಟಿ 1983ರಲ್ಲಿ ಅವರನ್ನು ಫೆಲೋ ಆಗಿ ಆರಿಸಿಕೊಂಡಿತು. 1994ರಲ್ಲಿ ರಾಯಲ್ ಪದಕ ಕೊಟ್ಟಿತು. ಅದೇ ಪದಕ 1962ರಲ್ಲಿ ಸೋದರಮಾವನ ಮಗನಿಗೆ, ಷಿಕಾಗೊದ ಚಂದ್ರಶೇಖರ್‌ಗೆ ಸಂದಿತ್ತು. ಒಂದೇ ಪದಕದ ಪಟ್ಟಿಯಲ್ಲಿ ಎಸ್. ಚಂದ್ರಶೇಖರ್ ಎಂಬ ಹೆಸರು ಎರಡು ಸಲ, ಇಬ್ಬರು ಬೇರೆ ಬೇರೆ ವ್ಯಕ್ತಿಗಳಾಗಿ! 2004ರ ಮಾರ್ಚ್ 8ರಂದು ಅವರು ಬೆಂಗಳೂರಿನಲ್ಲೇ ತೀರಿಕೊಂಡರು.

ಮೂರನೆಯ ಕಾರ್ಡಿನವರು ಶ್ರೀಪತಿ ಚಂದ್ರಶೇಖರ್. 1918ರಲ್ಲಿ ರಾಜಮಂಡ್ರಿಯಲ್ಲಿ ಹುಟ್ಟಿದವರು, ಆ ಇಬ್ಬರ ಬಂಧುವಲ್ಲ. ಜನಸಂಖ್ಯಾಶಾಸ್ತ್ರಜ್ಞರು. ಜನಸಂಖ್ಯೆಯ ಬಗ್ಗೆ ಬರೆದವರೇ ಅದನ್ನು ನಿಭಾಯಿಸುವ ಹೊಣೆಯನ್ನೂ ಹೊರುವ ಪ್ರಸಂಗ ಅಪರೂಪ. ಇಂದಿರಾ ಗಾಂಧಿಯವರು 1967ರಲ್ಲಿ ಅವರನ್ನು ಆರೋಗ್ಯ ಮತ್ತು ಕುಟುಂಬ ಯೋಜನೆಯ ಸಚಿವರನ್ನಾಗಿ ಮಾಡಿದರು. ಅವರ ನಿಲುವುಗಳ ಬಗ್ಗೆ ವಾದವಿವಾದ ಬೇಕಾದಷ್ಟಿದೆ. ಇಲ್ಲಿಗೆ ಇಷ್ಟು ಸಾಕು.

ಈ ಗೊಂದಲಕ್ಕೆ ಬೇರು ಯಾವುದು? ನಮ್ಮ ಇನಿಷಿಯಲ್ ಪದ್ಧತಿ. ಯುರೋಪಿನಲ್ಲಿ ಮನೆತನದ ಹೆಸರು ಕೊನೆಗೆ ಬಂದು ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತದೆ. ತಮಿಳುನಾಡಿನಲ್ಲಿ ಮನೆತನದ ಹೆಸರೇ ಇಲ್ಲ. ತಂದೆಯ ಹೆಸರು ಒಂದಕ್ಷರವಾಗಿ ಮಗನ ಹೆಸರಿನ ಮುಂದೆ ಕೂರುತ್ತದೆ, ಮುಂದಿನ ತಲೆಮಾರಿಗೆ ಅದೂ ಬದಲಾಗುತ್ತದೆ. ಹಳೇ ಮೈಸೂರಿನ ಕಡೆ ಊರಿಗೊಂದಕ್ಷರ, ತಂದೆಗೊಂದಕ್ಷರ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಉಂಟು: ಕಸುಬಿನದೋ, ಊರಿನದೋ, ಗೌಡಿಕೆಯದೋ. ಅಕ್ಷರ ಚಿಕ್ಕದಾದಷ್ಟೂ ಜನ ಬೆರೆತುಹೋಗುತ್ತಾರೆ. ಸುಬ್ರಹ್ಮಣ್ಯನ್, ಶಿವರಾಮಕೃಷ್ಣ, ಶ್ರೀಪತಿ ಎಂದು ಬಿಡಿಸಿ ಬರೆದಿದ್ದರೆ ನನ್ನಂಥ ವಿದ್ಯಾರ್ಥಿ ಡ್ರಾಯರಿನ ಮುಂದೆ ತಪ್ಪು ತಿಳಿದು ನಿಲ್ಲುತ್ತಿರಲಿಲ್ಲ. ‘ಎಸ್’ ಎಂದು ಕತ್ತರಿಸಿದ್ದರಿಂದ ಮೂವರ ಬದುಕು ಒಂದಾಗಿಹೋಯಿತು.

ಕನ್ನಡಿಗರ ಪಾಲಿಗೆ ಇನ್ನೂ ಒಬ್ಬ ‘ಎಸ್. ಚಂದ್ರಶೇಖರ್’ ಉಂಟು, ಮುಂದೆ ಒಂದು ‘ಬಿ’ ಸೇರಿಸಿಕೊಂಡು. ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್. ನೋಡಿ, ನೊಬೆಲ್ ಪಡೆದವರ ಹೆಸರಿನ ಎರಡೂ ಭಾಗ ಈ ಹೆಸರಿನ ಒಳಗೇ ಇದೆ. 1945ರ ಮೇ 17ರಂದು ಮೈಸೂರಿನಲ್ಲಿ ಹುಟ್ಟಿದ ಈ ಹುಡುಗನಿಗೆ ಎಳವೆಯಲ್ಲೇ ಪೋಲಿಯೊ ಬಡಿದು ಬಲಗೈ ಸೊರಗಿತು. ಆ ಕೈಯಿಂದ ಚೆಂಡನ್ನು ದೂರಕ್ಕೆ ಎಸೆಯಲು ಆಗುತ್ತಿರಲಿಲ್ಲ. ಫೀಲ್ಡಿಂಗಿನಲ್ಲಿ ಎಡಗೈಯಿಂದ ಎಸೆಯುತ್ತಿದ್ದರು. ಬೌಲಿಂಗ್ ಮಾತ್ರ ಅದೇ ಸೊರಗಿದ ಬಲಗೈಯಿಂದ. ಪೂರ್ಣ ತೋಳಿನ ಶರ್ಟಿನ ಗುಂಡಿ ಮಣಿಕಟ್ಟಿನವರೆಗೆ ಹಾಕಿ, ಸ್ಪಿನ್ನರಿಗೆ ಹೆಚ್ಚೇ ಎನ್ನಿಸುವಷ್ಟು ದೂರದಿಂದ ಓಡಿಬಂದು, ಆ ಕೈಯನ್ನು ಚಾಟಿಯಂತೆ ಬೀಸುತ್ತಿದ್ದರು. ಚೆಂಡು ಗೂಗ್ಲಿಯೋ, ಟಾಪ್‌ಸ್ಪಿನ್ನೋ, ಲೆಗ್‌ಬ್ರೇಕೋ ಎಂದು ಬ್ಯಾಟ್ಸ್‌ಮನ್ ಅಂದಾಜು ಮಾಡುವಷ್ಟರಲ್ಲಿ ಅದು ಪಿಚ್ಚಿಗೆ ಬಿದ್ದು ಎದ್ದಿರುತ್ತಿತ್ತು.

1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅವರು 38 ರನ್ ಕೊಟ್ಟು 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಮುಗಿಯಿತು. ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಬಾರಿಗೆ ಟೆಸ್ಟ್ ಸರಣಿ ಗೆದ್ದದ್ದು ಆಗ. ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿ ಹಿಡಿದು ಕಾಮೆಂಟರಿ ಕೇಳಿದ ನಮ್ಮ ಹಿರಿಯರಿಗೆ ಇವತ್ತಿಗೂ ಚಂದ್ರ ಎಂದರೆ ಈ ಚಂದ್ರನೇ. 58 ಟೆಸ್ಟ್, 242 ವಿಕೆಟ್, ಬ್ಯಾಟಿನಿಂದ ಬಂದದ್ದು 167 ರನ್. ರನ್ನಿಗಿಂತ ವಿಕೆಟ್ ಹೆಚ್ಚು! 1973–74ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಎತ್ತಿದಾಗ ಪ್ರಸನ್ನ, ವಿಶ್ವನಾಥ್ ಅವರ ಜೊತೆ ಚಂದ್ರಶೇಖರ್ ಕೂಡ ಆ ತಂಡದ ಜೀವಾಳ. ಓವಲ್ ಗೆದ್ದ ಅದೇ 1971ರಲ್ಲೇ ಇನ್ನೊಬ್ಬ ಚಂದ್ರಶೇಖರ್ ಮೈಸೂರಿನಿಂದ ಬೆಂಗಳೂರಿಗೆ ಬಂದು ದ್ರವ ಸ್ಫಟಿಕದ ಪ್ರಯೋಗಾಲಯಕ್ಕೆ ಬೆಂಚು, ಸೂಕ್ಷ್ಮದರ್ಶಕ ಜೋಡಿಸುತ್ತಿದ್ದರು. ಒಬ್ಬರ ಹೆಸರು ಬೀದಿಬೀದಿಯಲ್ಲಿ ಮೊಳಗುತ್ತಿತ್ತು. ಇನ್ನೊಬ್ಬರ ಹೆಸರು ಅದೇ ಊರಿನಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿತ್ತು?

ಕನ್ನಡ ಸಾಹಿತ್ಯಕ್ಕೆ ಬಂದರೂ ಈ ಹೆಸರು ಜೋಡಿಯಾಗಿಯೇ ಸಿಗುತ್ತದೆ. 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಒಬ್ಬರು, 1939ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನಲ್ಲಿ ಇನ್ನೊಬ್ಬರು. ಮೊದಲನೆಯವರನ್ನು ನಾವು ಚಂದ್ರಶೇಖರ ಎಂದು ಕರೆಯುವುದೇ ಕಡಿಮೆ, ಅವರು ಕಂಬಾರರು. ಕಬ್ಬಿಣ ಕಾಯಿಸಿ ಬಡಿಯುವ ಕಸುಬಿನ ಹೆಸರೇ ಕನ್ನಡದ ದೊಡ್ಡ ಕವಿಯ, ನಾಟಕಕಾರನ ಹೆಸರಾಗಿ ನಿಂತಿತು. ‘ಜೋಕುಮಾರಸ್ವಾಮಿ’, ‘ಸಿರಿಸಂಪಿಗೆ’ ಬರೆದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನು ಮೊದಲ ಕುಲಪತಿಯಾಗಿ ಕಟ್ಟಿದರು, 2010ರ ಸಾಲಿನ ಜ್ಞಾನಪೀಠ ಪಡೆದರು. ಕಂಬಾರರು ಕೆಲಕಾಲ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದುಂಟು. ಅಂದರೆ ಜಾನಪದದ ಚಂದ್ರಶೇಖರ ಮತ್ತು ನಕ್ಷತ್ರದ ಚಂದ್ರಶೇಖರ ಒಂದೇ ವಿಶ್ವವಿದ್ಯಾಲಯದಲ್ಲಿ ಏಕಕಾಲಕ್ಕೆ ಮೇಷ್ಟ್ರಾಗಿದ್ದರು.

ಹತ್ತಿಮತ್ತೂರಿನವರು ಚಂದ್ರಶೇಖರ ಪಾಟೀಲ. ಇವರು ಹೆಸರು, ಅಡ್ಡಹೆಸರು ಎರಡನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿ ಚಂಪಾ ಆದರು. ಧಾರವಾಡದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು, ಬೀದಿಯಲ್ಲಿ ಕನ್ನಡದ ಹೋರಾಟಗಾರರು. 1964ರಲ್ಲಿ ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜರ ಜೊತೆ ಸೇರಿ ‘ಸಂಕ್ರಮಣ’ ಹೊರಡಿಸಿದರು. ಕಂಬಾರ ಮತ್ತು ಚಂಪಾ ಇಬ್ಬರೂ ಉತ್ತರ ಕರ್ನಾಟಕದವರು, ಎರಡು ವರ್ಷದ ಅಂತರದವರು, ಇಬ್ಬರೂ ಕವಿ, ನಾಟಕಕಾರ, ಅಧ್ಯಾಪಕ. ಆದರೂ ಓದುಗರು ಒಮ್ಮೆಯೂ ಒಬ್ಬರನ್ನು ಇನ್ನೊಬ್ಬರೆಂದು ತಪ್ಪು ತಿಳಿಯಲಿಲ್ಲ. ಹೆಸರನ್ನು ಬೇರ್ಪಡಿಸಿಕೊಳ್ಳುವ ಜಾಣ್ಮೆ ಅವರಿಗಿತ್ತು, ಗುರುತಿಟ್ಟುಕೊಳ್ಳುವ ಪ್ರೀತಿ ಕನ್ನಡಿಗರಿಗಿತ್ತು.

ಸಿನಿಮಾ, ರಂಗಭೂಮಿಯವರಿಗೆ ಈ ಕೆಲಸವನ್ನು ಪ್ರೇಕ್ಷಕರೇ ಮಾಡಿಕೊಟ್ಟರು. ಪುಟ್ಟಣ್ಣ ಕಣಗಾಲರ 1973ರ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದ ಚಂದ್ರಶೇಖರ್ ಅವರಿಗೆ ಎಡಕಲ್ಲು ಗುಡ್ಡವೇ ಮನೆತನದ ಹೆಸರಾಯಿತು. ‘ಮುಖ್ಯಮಂತ್ರಿ’ ನಾಟಕದಲ್ಲಿ ಮುಖ್ಯಮಂತ್ರಿಯ ಪಾತ್ರ ಮಾಡಿದ ಚಂದ್ರಶೇಖರ್ ಶಾಶ್ವತವಾಗಿ ಮುಖ್ಯಮಂತ್ರಿ ಚಂದ್ರು ಆದರು. 1985ರಲ್ಲಿ ಗೌರಿಬಿದನೂರಿನಿಂದ ನಿಜಕ್ಕೂ ವಿಧಾನಸಭೆಗೆ ಹೋದರು. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರ ಕುರ್ಚಿಯಲ್ಲಿ ಚಂಪಾ ಕೂಡ ಕೂತಿದ್ದರು, ಮುಂದೆ ಈ ಚಂದ್ರು ಕೂಡ. ಇನ್ನು ಮನಸ್ಸಿನ ಕಾಯಿಲೆ ಎಂದರೆ ದೆವ್ವ, ಮಾಟ ಎಂದುಕೊಳ್ಳುತ್ತಿದ್ದ ಮನೆಗಳಿಗೆ ಸರಳ ಕನ್ನಡದ ಪುಸ್ತಕಗಳಿಂದ ಧೈರ್ಯ ಹೇಳಿದ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರನ್ನು ಮರೆಯುವಂತಿಲ್ಲ. ಅಂಥ ಪುಸ್ತಕ ಓದಿ ಒಬ್ಬ ತಾಯಿ ಮಗನನ್ನು ಮಂತ್ರವಾದಿಯ ಬದಲು ಡಾಕ್ಟರ ಬಳಿ ಕರೆದೊಯ್ದರೆ, ಅದು ಯಾವ ಪದಕಕ್ಕೂ ಕಡಿಮೆಯ ಸಾಧನೆಯಲ್ಲ.

ಉತ್ತರಕ್ಕೆ ಹೋದರೆ ಇದೇ ಹೆಸರು ಬೇರೆ ಬಣ್ಣ ಪಡೆಯುತ್ತದೆ. 1921ರ ಅಸಹಕಾರ ಚಳವಳಿಯಲ್ಲಿ ಸಿಕ್ಕಿಬಿದ್ದ ಹುಡುಗನೊಬ್ಬ ಮ್ಯಾಜಿಸ್ಟ್ರೇಟರ ಮುಂದೆ ತನ್ನ ಹೆಸರು ಆಜಾದ್ ಎಂದ. ಚಂದ್ರಶೇಖರ ತಿವಾರಿಯಾಗಿ ಹುಟ್ಟಿದವನು ಅಂದಿನಿಂದ ಚಂದ್ರಶೇಖರ ಆಜಾದ್. 1931ರ ಫೆಬ್ರವರಿ 27ರಂದು ಅಲಹಾಬಾದಿನ ಉದ್ಯಾನದಲ್ಲಿ ಪೊಲೀಸರ ಕೈಗೆ ಜೀವಂತ ಸಿಗದೆ ಪ್ರಾಣ ಕೊಟ್ಟ. ಬಲಿಯಾ ಜಿಲ್ಲೆಯ ಇನ್ನೊಬ್ಬ ಚಂದ್ರಶೇಖರ್ 1990ರ ನವೆಂಬರಿನಲ್ಲಿ ಪ್ರಧಾನಿಯಾದರು. ಎಂಟು ತಿಂಗಳು ತುಂಬದ ಆ ಅಧಿಕಾರಾವಧಿಯಲ್ಲಿ ದೇಶದ ವಿದೇಶಿ ವಿನಿಮಯದ ಖಜಾನೆ ಬರಿದಾಗಿ, 1991ರ ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಕಳಿಸಬೇಕಾಯಿತು. ಆದರೆ ಆ ಮನುಷ್ಯನನ್ನು ಅಳೆಯಲು ನನಗೆ ಅವರ ನಡಿಗೆಯೇ ಸರಿಯಾದ ಅಳತೆಗೋಲು ಎನಿಸುತ್ತದೆ. 1983ರ ಜನವರಿ 6ರಂದು ಕನ್ಯಾಕುಮಾರಿಯಿಂದ ಹೊರಟು, ಜೂನ್ 25ರಂದು ದೆಹಲಿಯ ರಾಜಘಾಟ್ ಮುಟ್ಟುವವರೆಗೆ ಸುಮಾರು 4,260 ಕಿಲೋಮೀಟರ್ ಅವರು ಕಾಲ್ನಡಿಗೆಯಲ್ಲೇ ಹೋದರು. ಅದೇ 1983ರಲ್ಲಿ ಷಿಕಾಗೊದ ಚಂದ್ರಶೇಖರ್‌ಗೆ ನೊಬೆಲ್, ಬೆಂಗಳೂರಿನ ಚಂದ್ರಶೇಖರ್‌ಗೆ ರಾಯಲ್ ಸೊಸೈಟಿಯ ಫೆಲೋಶಿಪ್. ಒಂದೇ ವರ್ಷ, ಒಂದೇ ಹೆಸರು, ಮೂರು ದಾರಿ.

ಹೆಸರಿನ ಅರ್ಥಕ್ಕೆ ತಕ್ಕಂತೆ ಬದುಕಿದವರು ಯಾರು ಎಂದು ಕೇಳಿದರೆ ನಾನು ಒಡಿಶಾದ ಖಂಡಪಾಡಾದ ಕಡೆ ಬೆರಳು ಮಾಡುತ್ತೇನೆ. 1835ರಲ್ಲಿ ಅಲ್ಲಿ ಹುಟ್ಟಿದ ಸಾಮಂತ ಚಂದ್ರಶೇಖರ, ಜನರ ಬಾಯಲ್ಲಿ ಪಠಾಣಿ ಸಾಮಂತ, ದೂರದರ್ಶಕವಿಲ್ಲದೆ ಬರಿಗಣ್ಣಿನಿಂದ ಆಕಾಶ ಅಳೆದವರು. ಬಿದಿರು, ಮರದ ಕಡ್ಡಿಗಳಿಂದ ತಾವೇ ಉಪಕರಣ ಮಾಡಿಕೊಂಡು ಚಂದ್ರನ, ಗ್ರಹಗಳ ಚಲನೆಯನ್ನು ರಾತ್ರಿಯಿಂದ ರಾತ್ರಿಗೆ ಗುರುತಿಸಿದರು. ಕಂಡದ್ದನ್ನು ಸಂಸ್ಕೃತ ಪದ್ಯಗಳಲ್ಲಿ, ತಾಳೆಗರಿಯ ಮೇಲೆ, ‘ಸಿದ್ಧಾಂತ ದರ್ಪಣ’ ಎಂಬ ಗ್ರಂಥವಾಗಿಸಿದರು. 1899ರಲ್ಲಿ ಅದು ಅಚ್ಚಾದಾಗ ಲಂಡನ್ನಿನ ‘ನೇಚರ್’ ಪತ್ರಿಕೆ ಬೆರಗಿನಿಂದ ಬರೆಯಿತು. ಭುವನೇಶ್ವರದ ತಾರಾಲಯಕ್ಕೆ ಈಗ ಅವರ ಹೆಸರಿದೆ. ಚಂದ್ರನನ್ನು ತಲೆಯ ಮೇಲೆ ಹೊತ್ತ ಇಬ್ಬರು ಖಗೋಳವಿಜ್ಞಾನಿಗಳಲ್ಲಿ ಹಿರಿಯರು ಇವರೇ.

ಇಷ್ಟೆಲ್ಲ ಹೇಳಿದ್ದು ಹೆಸರಿನ ಮಹಿಮೆ ಕೊಂಡಾಡಲಿಕ್ಕಲ್ಲ. ಹೆಸರು ಬೆರೆತುಹೋದಾಗ ಆಗುವ ನಷ್ಟ ದೊಡ್ಡದು, ಅದನ್ನು ಹೇಳಲೇಬೇಕು. ಸಾಮಾನ್ಯರಿಗೆ ಅದು ತಾಲ್ಲೂಕು ಕಚೇರಿಯಲ್ಲಿ ಎದುರಾಗುತ್ತದೆ. ಕನ್ನಡದಲ್ಲಿ ಚಂದ್ರಶೇಖರ ಎಂದು ಬರೆದರೆ ಒಂದೇ ರೂಪ. ಇಂಗ್ಲಿಷಿನಲ್ಲಿ ಹಾಗಲ್ಲ: ತಮಿಳು ಲಿಪಿಯಲ್ಲಿ ‘ಖ’ ಇಲ್ಲದ್ದರಿಂದ ಆ ಕಡೆಯವರು ಬರೆಯುವುದು ಒಂದು ರೀತಿ, ನಾವು ಒಂದು ರೀತಿ, ಉತ್ತರದವರು ಚಂದ್ರನನ್ನೂ ಶೇಖರನನ್ನೂ ಬಿಡಿಸಿ ಇನ್ನೊಂದು ರೀತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ‘ಎಚ್’ ಇದ್ದು ಆಧಾರಿನಲ್ಲಿ ಇಲ್ಲದಿದ್ದರೆ, ಪಹಣಿಯಲ್ಲಿ ತಂದೆಯ ಇನಿಷಿಯಲ್ ಬಿಟ್ಟುಹೋಗಿದ್ದರೆ, ಆ ಇಬ್ಬರೂ ನಾನೇ ಎಂದು ಛಾಪಾ ಕಾಗದದಲ್ಲಿ ನೋಟರಿಯ ಮುಂದೆ ಪ್ರಮಾಣ ಮಾಡಬೇಕು. ಸಂಬಂಧಿಕರೊಬ್ಬರ ಕಾಗದಪತ್ರಕ್ಕಾಗಿ ನಾನೂ ಹಾಗೆ ಅಲೆದಿದ್ದೇನೆ. ಒಂದಕ್ಷರ ಸರಿಪಡಿಸಲು ನಾಲ್ಕು ಸಲ ಹೋಗಬೇಕಾಯಿತು. ದುಡಿಯುವವರ ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ಟೇಬಲಿನ ಆ ಕಡೆ ಕೂತವರ ಗಮನಕ್ಕೆ ಬರಬೇಕು.

ಗ್ರಂಥಪಾಲಕರು ಇದಕ್ಕೆ ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದರು. ಹೆಸರಿನ ಪಕ್ಕ ಪೂರ್ಣ ಹೆಸರನ್ನೂ ಹುಟ್ಟಿದ ವರ್ಷವನ್ನೂ ನಮೂದಿಸುವುದು: 1910ರ ಚಂದ್ರಶೇಖರ್, 1918ರ ಚಂದ್ರಶೇಖರ್, 1930ರ ಚಂದ್ರಶೇಖರ್. ನಾನು ನೋಡಿದ ಗ್ರಂಥಾಲಯದಲ್ಲಿ ಅದನ್ನು ಪಾಲಿಸಿರಲಿಲ್ಲ, ಅಷ್ಟೇ. ಸಂಶೋಧಕರಿಗೆ 2012ರಿಂದ ಓರ್ಕಿಡ್ ಎಂಬ ವ್ಯವಸ್ಥೆ ಬಂದಿದೆ. ಒಬ್ಬೊಬ್ಬರಿಗೂ 16 ಅಂಕಿಗಳ ಒಂದು ಸಂಖ್ಯೆ. ಹೆಸರು ಯಾರದೇ ಇರಲಿ, ಲೇಖನ ಆ ಸಂಖ್ಯೆಯ ಲೆಕ್ಕಕ್ಕೆ ಸೇರುತ್ತದೆ. ಇಂದಿನ ತರುಣ ಸಂಶೋಧಕರು, ಅದರಲ್ಲೂ ಇನಿಷಿಯಲ್ಲಿನ ನಾಡಿನವರಾದ ನಮ್ಮವರು, ಇದನ್ನು ತಪ್ಪದೆ ಮಾಡಿಸಿಕೊಳ್ಳಬೇಕು.

ಆದರೆ ಸಂಖ್ಯೆ ಲೆಕ್ಕವನ್ನು ಸರಿಮಾಡಬಹುದು, ನೆನಪನ್ನಲ್ಲ. ಇವತ್ತು ಅಂತರ್ಜಾಲದಲ್ಲಿ ಎಸ್. ಚಂದ್ರಶೇಖರ್ ಎಂದು ಹುಡುಕಿದರೆ ಮೊದಲು ಬರುವವರು ನೊಬೆಲ್ ಚಂದ್ರಶೇಖರ್. ಅದು ತಪ್ಪಲ್ಲ. ದೊಡ್ಡ ಮರದ ನೆರಳು ದೊಡ್ಡದೇ ಇರುತ್ತದೆ. ಆ ನೆರಳಿನಲ್ಲಿ ಮರೆಯಾದವರು, ಮೈಸೂರಿನಲ್ಲಿ ವಿಭಾಗ ಕಟ್ಟಿದ, ಬೆಂಗಳೂರಿನಲ್ಲಿ ಹೊಸದೊಂದು ಬಗೆಯ ದ್ರವ್ಯವನ್ನೇ ಲೋಕಕ್ಕೆ ತೋರಿಸಿದ, ಕೊನೆಯುಸಿರಿನವರೆಗೂ ನಮ್ಮ ನಡುವೆಯೇ ಇದ್ದ ಚಂದ್ರಶೇಖರ್ ಎಂಬುದು ನನ್ನ ನೋವು. ಹೊರದೇಶಕ್ಕೆ ಹೋಗಿ ಬೆಳಗಿದವರನ್ನು ನಮ್ಮವರೆಂದು ಹೆಮ್ಮೆಯಿಂದ ಹೇಳುತ್ತೇವೆ. ಇಲ್ಲೇ ಉಳಿದು ಬೆಳಗಿದವರ ಮಟ್ಟಿಗೆ ಇಷ್ಟು ಮರೆವು ಸಲ್ಲದು.

ರಾಮನ್ ಪರಿಣಾಮದ ನೆನಪಿಗೆ ಪ್ರತಿವರ್ಷ ಫೆಬ್ರವರಿ 28ರಂದು ನಮ್ಮ ಶಾಲೆಗಳಲ್ಲಿ ವಿಜ್ಞಾನ ದಿನ ಆಚರಿಸುತ್ತೇವೆ. ರಾಮನ್ ಅವರ ಬಗ್ಗೆ ಹೇಳುವ ಮೇಷ್ಟ್ರುಗಳು, ಮೇಡಂಗಳು ಅವರ ಅಣ್ಣನ ಮಗನ ಬಗ್ಗೆಯೂ ಎರಡು ಮಾತು ಹೇಳುತ್ತಾರೆ. ಈ ಸಲ ತಂಗಿಯ ಮಗನ ಬಗ್ಗೆಯೂ ಹೇಳಿ. ಹಲಗೆಯ ಮೇಲೆ ಇನಿಷಿಯಲ್ ಹಾಕಬೇಡಿ, ಇಬ್ಬರ ಹೆಸರನ್ನೂ ಪೂರ್ತಿ ಬರೆಯಿರಿ: ಸುಬ್ರಹ್ಮಣ್ಯನ್ ಚಂದ್ರಶೇಖರ್, ಶಿವರಾಮಕೃಷ್ಣ ಚಂದ್ರಶೇಖರ್.